ಒಂದು ಗಂಟೆ ಮಾತಾಡಬೇಡಿ

"ಗಟ್ಟಿಯಾಗಿ ಕಚ್ಕೊಳ್ಳಿ. ಒಂದು ಗಂಟೆ ಬಾಯಿ ತೆಗೀಬೇಡಿ, ಮಾತಾಡಬೇಡಿ, ಉಗುಳಬೇಡಿ," ಎಂದು ಹಲ್ಲಿನ ಡಾಕ್ಟರಮ್ಮ ಹತ್ತಿಯ ಉಂಡೆಯನ್ನು ಮೇಲಿನ ಒಸಡಿಗೆ ಒತ್ತಿಟ್ಟರು. ತಟ್ಟೆಯಲ್ಲಿ ನಾಲ್ಕು ಹಲ್ಲುಗಳು ಬಿದ್ದಿದ್ದವು. ಇಷ್ಟು ವರ್ಷ ಜೀವ ಹಿಂಡಿದವು ಇಷ್ಟು ಪುಟ್ಟವೇ ಎಂದು ಹೊಲಿಗೆಯವಳಿಗೆ ಅನ್ನಿಸಿತು. ತಟ್ಟೆಯನ್ನೂ ತನ್ನ ಬಾಯನ್ನೂ ತೋರಿಸಿ, ಹೊಸವು ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿದಳು.

"ಇವತ್ತೇನಾ?" ಡಾಕ್ಟರಮ್ಮ ನಕ್ಕರು. "ಒಸಡು ಮಾಗಬೇಕಲ್ಲಮ್ಮ. ಮೂರು ತಿಂಗಳು ಬಿಟ್ಟು ಬನ್ನಿ, ಅಳತೆ ತಗೊಳ್ತೀನಿ."

ಕಾಲರ್ ಸವೆದ ಶರ್ಟು ಬಂದರೆ ಹಳೆಯದನ್ನು ಬಿಚ್ಚಿ, ಅದೇ ದಿನ ಹೊಸದನ್ನು ಕೂರಿಸಿ ಕೊಟ್ಟು ರೂಢಿಯಾದ ಕೈ ಅವಳದು. ಹಲ್ಲೂ ಹಾಗೆಯೇ ಎಂದುಕೊಂಡಿದ್ದಳು. ಬೆಳಿಗ್ಗೆ ಕೀಳಿಸಿದರೆ ಮಧ್ಯಾಹ್ನಕ್ಕೆ ಹೊಸ ಸಾಲು. ಯಾರನ್ನೂ ವಿಚಾರಿಸಿರಲಿಲ್ಲ. ವಿಚಾರಿಸಲು ಬಾಯಿ ತೆರೆಯಬೇಕಿತ್ತಲ್ಲ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಇವಳಿಗೆ ಎರಡೂ ಒಟ್ಟೊಟ್ಟಿಗೇ ಇಲ್ಲವಾಗಿದ್ದವು. ಮೊದಲ ಹಲ್ಲು ನೋಯಲು ಶುರುವಾದಾಗ, ಬೇರಿಗೆ ಔಷಧಿ ತುಂಬಿದರೆ ಉಳಿಯುತ್ತದೆ ಎಂದಿದ್ದರು. ಆ ವರ್ಷ ಗಂಡ ತೀರಿಕೊಂಡ. ಆಮೇಲೆ ಮಗಳ ಕಾಲೇಜು, ಮಗಳ ಮದುವೆ, ಮೆಷಿನ್ನಿನ ಮೋಟಾರು. ಹಲ್ಲಿನ ಸರದಿ ಬರುವಷ್ಟರಲ್ಲಿ ದುಡ್ಡು ಬೇರೆ ದಾರಿ ಹಿಡಿದಿರುತ್ತಿತ್ತು. ಲವಂಗ ಒತ್ತಿಕೊಂಡು ಹನ್ನೊಂದು ವರ್ಷ ದೂಡಿದಳು. ಅಷ್ಟರಲ್ಲಿ ಮುಂದಿನ ನಾಲ್ಕೂ ಕಪ್ಪಾಗಿ ಅಲ್ಲಾಡತೊಡಗಿದವು.

ಆ ಹನ್ನೊಂದು ವರ್ಷವೂ ಹೊಲಿಗೆ ಅಂಗಡಿಯ ಮಹಡಿಯ ಕೋಣೆಯಲ್ಲಿ ಅವಳ ಬೆನ್ನ ಹಿಂದೆ ಇಸ್ತ್ರಿಯವನಿದ್ದ. ಅವಳು ಹೊಲಿದದ್ದನ್ನು ಅವನು ತೀಡಿ ಮಡಿಸಬೇಕು. ಅವನಿಗೂ ಹೆಂಡತಿ ಇರಲಿಲ್ಲ, ಬಾಯಿಗೆ ಬಿಡುವೂ ಇರಲಿಲ್ಲ. "ಅಂಗಡಿ ಯಜಮಾನರ ಶರ್ಟಿನ ಸುಕ್ಕು ನಾನು ತೆಗೀತೀನಿ ಟೈಲರಮ್ಮ, ಮುಖದ್ದು ತೆಗಿಯೋಕೆ ಬಿಡ್ತಾ ಇಲ್ಲ," ಎನ್ನುತ್ತಿದ್ದ. ಅವಳು ಗೋಡೆಗೆ ಮುಖ ಮಾಡಿ, ಭುಜವೂ ಅಲುಗದಂತೆ ನಗುತ್ತಿದ್ದಳು. ಒಮ್ಮೆಯಾದರೂ ತಿರುಗಿ ಅವನೆದುರು ನಗಬೇಕು ಎಂಬುದು ಅವಳ ಒಳಗಿನ ಆಸೆ. ಯಾರಿಗೆ ಹೇಳಿಕೊಳ್ಳುವುದು?

ಈಗ ಬಟ್ಟೆ ಇಸ್ತ್ರಿಯಾಗಲು ದೊಡ್ಡ ಲಾಂಡ್ರಿಗೆ ಹೋಗುತ್ತದೆ. ಅವನಿಗೆ ಕೆಲಸವಿಲ್ಲ. ಇವತ್ತು ಮಧ್ಯಾಹ್ನದ ಬಸ್ಸಿಗೆ ತಂಗಿಯ ಊರಿಗೆ ಹೊರಟಿದ್ದಾನೆ. ಅದು ತಿಳಿದ ದಿನವೇ ಅವಳು ಕೂಡಿಟ್ಟದ್ದನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಡಾಕ್ಟರಮ್ಮನ ಹತ್ತಿರ ಸಮಯ ಕೇಳಿದ್ದಳು. ಇವತ್ತಿಗೇ ಸಿಕ್ಕಿತ್ತು.

ಅವಳು ಮಹಡಿ ಹತ್ತಿದಾಗ ಅವನು ಇಸ್ತ್ರಿಪೆಟ್ಟಿಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತುತ್ತಿದ್ದ.

"ಬಂದ್ರಾ? ನಿಮ್ಮನ್ನ ನೋಡ್ದೇನೇ ಹೋಗ್ಬೇಕೇನೋ ಅಂದ್ಕೊಂಡೆ."

ಅವಳು ತಲೆ ತಗ್ಗಿಸಿ ಮೆಷಿನ್ನಿನ ಮುಂದೆ ಕೂತಳು. ಮರಗಟ್ಟಿದ ತುಟಿಯೊಳಗೆ ಹತ್ತಿ ಒದ್ದೆಯಾಗುತ್ತಿತ್ತು. ಅವನು ಗಂಟು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ.

"ಇಲ್ಲೇ ಕೆಳಗೆ ಮೂಲೇಲಿ ಒಂದು ಗಾಡಿ ಇಟ್ಕೊಂಡ್ರೆ ನನ್ನ ಹೊಟ್ಟೆಪಾಡು ನಡಿಯುತ್ತೆ," ಎಂದ ಕೊನೆಗೆ. "ಆದ್ರೆ ಯಾರಿಗೋಸ್ಕರ ಇರ್ಬೇಕು ಹೇಳಿ? ನನ್ನ ತಮಾಷೆ ನಿಮಗೆ ಹಿಡಿಸ್ತೋ ಇಲ್ವೋ, ಇವತ್ತಿಗೂ ಗೊತ್ತಾಗ್ಲಿಲ್ಲ. ನೀವೇ ಒಂದು ಮಾತು ಹೇಳಿಬಿಡಿ. ಇರ್ಲಾ, ಹೋಗ್ಲಾ?"

ಇರಲಾ ಹೋಗಲಾ ಎಂದರೆ ತಲೆಯಾಡಿಸಿ ಉತ್ತರ ಕೊಡುವುದಾದರೂ ಹೇಗೆ? ಕೈಸನ್ನೆ ಮಾಡಲು ಅವನತ್ತ ತಿರುಗಬೇಕು, ಹತ್ತಿ ತುಂಬಿದ ಬಾಯಿ ಕಾಣುತ್ತದೆ. ಗುರುತು ಹಾಕುವ ಸೀಮೆಸುಣ್ಣ ಕೈಯಲ್ಲೇ ಇತ್ತು, ಆದರೆ ಅಳತೆಯ ಅಂಕಿ ಬಿಟ್ಟರೆ ಅವಳಿಗೆ ಅಕ್ಷರ ಬಾರದು. ಹತ್ತಿ ತೆಗೆದರೆ ರಕ್ತ, ರಕ್ತದ ಹಿಂದೆ ಬೋಳು ಒಸಡು. ಅದನ್ನು ಇವನಿಗೆ ತೋರಿಸುವುದೇ? ಅವಳು ಸೂಜಿಯ ಕಡೆಯೇ ನೋಡುತ್ತ ಕೂತಳು.

"ಆಯ್ತು ಬಿಡಿ," ಎಂದ ಅವನು ಮೆತ್ತಗೆ. "ಕೇಳಿದ್ದಕ್ಕೆ ತಪ್ಪು ತಿಳ್ಕೋಬೇಡಿ."

ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಪೆಟ್ಟಿಗೆಯ ಭಾರಕ್ಕೆ ಒಂದು ಹೆಜ್ಜೆ ಜೋರು, ಒಂದು ಹೆಜ್ಜೆ ಮೆಲ್ಲಗೆ. ಹನ್ನೊಂದು ವರ್ಷ ಬೆನ್ನಿಗಿದ್ದ ಬಿಸಿ ಇನ್ನು ಇರುವುದಿಲ್ಲ ಎಂದು ನೆನೆದೊಡನೆ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಕಿಟಕಿಗೆ ಬಂದು, ಹತ್ತಿಯನ್ನು ಅಂಗೈಗೆ ಉಗುಳಿಕೊಂಡಳು.

"ಹೋಗ್ಬೇಡಿ."

ಮಾತಿಗಿಂತ ಗಾಳಿಯೇ ಹೆಚ್ಚು ಹೊರಟಿತು. ಬೀದಿಗೆ ಕಾಲಿಟ್ಟಿದ್ದವನು ಕತ್ತೆತ್ತಿದ. "ಏನಂದ್ರಿ?"

ಅವಳು ಕಿಟಕಿಯಿಂದ ಸೊಂಟದವರೆಗೂ ಬಾಗಿ, ಎದುರಿನ ಕ್ಷೌರದಂಗಡಿಯವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. ಗದ್ದದ ಮೇಲೆ ಬೆಚ್ಚಗೆ ಏನೋ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಅವನು ಮೇಲೆ ನೋಡುತ್ತ ನಿಂತ. ಆಮೇಲೆ ಪೆಟ್ಟಿಗೆಯನ್ನು ಮೊದಲ ಮೆಟ್ಟಿಲ ಮೇಲೆ ಇಳಿಸಿ, ಭಾರಕ್ಕೆ ಸೆಟೆದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳತೊಡಗಿದ.