ಗೋಲ್‌ಕೀಪರನ ಅಳತೆ

ಕಾಗದದ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು. ಅಪ್ಪನ ಬೈಂಡಿಂಗ್ ಅಂಗಡಿಯನ್ನು ಇಪ್ಪತ್ತೆರಡು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಕಟ್ಟಿನಲ್ಲಿ ಒಂದು ಹಾಳೆ ಗಿಡ್ಡವಿದ್ದರೂ ಸಾಕು, ಹೆಬ್ಬೆರಳು ಆಡಿಸಿದ ಕೂಡಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಅಪ್ಪನ ಫುಟ್‌ಬಾಲ್ ಕಾರ್ಡುಗಳನ್ನು ಮಾರಲು ಎದೆಯುಬ್ಬಿಸಿಕೊಂಡೇ ಹೋದೆ. ಹಳೆಯ ಕಟಿಂಗ್ ಮಶೀನು ಗೊರಗೊರ ಎನ್ನುತ್ತಿತ್ತು. ಹೊಸದು ಬಾರದಿದ್ದರೆ ಶಾಲೆಯ ದೊಡ್ಡ ಆರ್ಡರು ಕೈತಪ್ಪುತ್ತಿತ್ತು.

ಅಪ್ಪ ಹುಡುಗನಾಗಿದ್ದಾಗ ಚೂಯಿಂಗ್ ಗಮ್ ಪೊಟ್ಟಣಗಳಲ್ಲಿ ಸಿಕ್ಕ ಕಾರ್ಡುಗಳು ಅವು, ಒಂದೇ ವರ್ಷದ ನೂರಾ ಇಪ್ಪತ್ತು ಆಟಗಾರರು. ಅಪ್ಪನಿಗೆ ಪ್ರಾಣ. ನನ್ನ ಲೆಕ್ಕದಲ್ಲಿ ಈಗ ಒಂದು ಕಡಿಮೆ, ಅದಕ್ಕೆ ಕಾರಣ ನಾನೇ.

ಒಂಬತ್ತು ವರ್ಷದವಳಿದ್ದಾಗ ಗೋಲ್‌ಕೀಪರನ ಕಾರ್ಡು ಕಣ್ಣಿಗೆ ಬಿತ್ತು. ಕೆಳಗಿನ ಬಿಳಿ ಅಂಚು ಮೇಲಿನದಕ್ಕಿಂತ ಅಗಲ. ಬೈಂಡರನ ಮಗಳು ಅದನ್ನು ಸಹಿಸುತ್ತಾಳೆಯೇ? ಮಶೀನಿಗಿಟ್ಟು ಕಚಕ್ಕನೆ ಕತ್ತರಿಸಿ, ಶಭಾಷ್ ಎನ್ನಿಸಿಕೊಳ್ಳಲು ಓಡಿದೆ. ಅಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ತುಟಿ ಪಿಟಕ್ಕೆನ್ನಲಿಲ್ಲ. ಎರಡೇಟು ಹಾಕಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ. ಆ ಮೌನ ಮಾತ್ರ ಇಷ್ಟು ವರ್ಷ ನನ್ನನ್ನು ಕೊರೆಯಿತು. ಅಪ್ಪ ತೀರಿಹೋಗುವವರೆಗೂ ಆ ಕಾರ್ಡುಗಳ ಪೆಟ್ಟಿಗೆಯನ್ನು ನಾನು ಮುಟ್ಟಲಿಲ್ಲ. ಆಮೇಲೆ ತೆಗೆದು ಕಟ್ಟಿನ ಅಂಚಿಗೆ ಹೆಬ್ಬೆರಳು ಆಡಿಸಿದರೆ, ಎಲ್ಲವೂ ಸಮ. ಗಿಡ್ಡನನ್ನು ಎಸೆದುಬಿಟ್ಟಿದ್ದಾರೆ ಎಂದುಕೊಂಡೆ. ಎಣಿಸಿ ನೋಡುವ ಮನಸ್ಸಾಗದೆ ಪೆಟ್ಟಿಗೆ ಮುಚ್ಚಿದೆ.

ಕಾರ್ಡು ವ್ಯಾಪಾರಿ ಭೂತಗನ್ನಡಿ ಹಿಡಿದು ಕೂತಿದ್ದ.

"ಮೊದಲೇ ಹೇಳ್ಬಿಡ್ತೀನಿ, ಗೋಲ್‌ಕೀಪರ್ ಇಲ್ಲ," ಎಂದೆ. "ಚಿಕ್ಕವಳಿದ್ದಾಗ ನಾನೇ ಹಾಳು ಮಾಡಿದ್ದು. ಉಳಿದಿದ್ದಕ್ಕೆ ಸರಿಯಾದ ರೇಟು ಹೇಳಿ. ನಂಗೂ ಚೌಕಾಸಿ ಬರುತ್ತೆ."

ಅವನು ಒಂದೊಂದಾಗಿ ಎಣಿಸಿದ. "ಇಲ್ಲೇ ಇದ್ದಾನಲ್ಲಮ್ಮ ನಿಮ್ಮ ಗೋಲ್‌ಕೀಪರ್! ನೂರಾ ಇಪ್ಪತ್ತೂ ಇದೆ."

"ಹಾಗಾದ್ರೆ ಅವನು ಗಿಡ್ಡ ಇರ್ಬೇಕು. ಅಳೆದು ನೋಡಿ."

ಅವನು ಸ್ಟೀಲ್ ಸ್ಕೇಲಿಟ್ಟು ಅಳೆದ. ಇನ್ನೊಂದು ಅಳೆದ, ಮತ್ತೊಂದು ಅಳೆದ. ಆಮೇಲೆ ಹುಬ್ಬು ಗಂಟಿಕ್ಕಿದ.

"ಅವನೊಬ್ಬನೇ ಅಲ್ಲಮ್ಮ, ಅಷ್ಟೂ ಅಸಲಿ ಅಳತೆಗಿಂತ ಗಿಡ್ಡ! ಎಲ್ಲದರ ಕೆಳಗಿನ ಅಂಚನ್ನೂ ಒಂದೇ ಅಳತೆಗೆ ಕತ್ತರಿಸಿದ್ದಾರೆ. ಯಾವ ತಲೆಕೆಟ್ಟೋರು ಮಾಡಿದ್ದಿದು? ಅಂಚು ಕತ್ತರಿಸಿದ ಕಾರ್ಡನ್ನ ಯಾರೂ ಮೂಸಿ ಕೂಡ ನೋಡಲ್ಲ."

ಮಾಡಿದ್ದು ಯಾರೆಂದು ನನಗೆ ಗೊತ್ತಾಯಿತು. ನಮ್ಮ ಅಂಗಡಿಯಲ್ಲಿ ಒಂದು ಹಾಳೆ ತಪ್ಪಿ ಗಿಡ್ಡವಾದರೆ ಅದನ್ನು ಎಸೆಯುವುದಿಲ್ಲ. ಇಡೀ ಪುಸ್ತಕವನ್ನೇ ಅದರ ಅಳತೆಗೆ ಕತ್ತರಿಸುತ್ತೇವೆ. ಆಮೇಲೆ ತಪ್ಪಿದ ಹಾಳೆ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಈ ಕೆಲಸ ಕಲಿಸಿದ್ದು ಅಪ್ಪನೇ. ಪ್ರಾಣದಂತೆ ಕಾಪಾಡಿದ ನೂರಾ ಹತ್ತೊಂಬತ್ತು ಕಾರ್ಡುಗಳನ್ನು ಅವರೇ ಕೈಯಾರೆ ಬ್ಲೇಡಿನ ಕೆಳಗಿಟ್ಟಿದ್ದರು. ನಾನು ವ್ಯಾಪಾರಿಯ ಎದುರಿಗೇ, ನಾಚಿಕೆಪಡದೆ, ಗಳಗಳನೆ ಅತ್ತೆ.

"ಅಳ್ಬೇಡಿ," ಅವನು ಮೆತ್ತಗಾದ. "ಹಾಳಾದ ಮಾಲು, ಆದ್ರೂ ಏನೋ ಒಂದಿಷ್ಟು ಕೊಡ್ತೀನಿ."

"ಹಾಳಾಗಿಲ್ಲ ಸ್ವಾಮಿ, ಸಮ ಆಗಿದೆ," ಎಂದು ಮೂಗು ಒರೆಸಿಕೊಂಡೆ. "ಇದು ಮಾರೋದಲ್ಲ. ಕೊಡಿ ಇಲ್ಲಿ."

ಅಂಗಡಿಗೆ ಬಂದವಳೇ ಹಳೆಯ ಮಶೀನಿನ ಬ್ಲೇಡು ಬಿಚ್ಚಿ ಸಾಣೆಗೆ ಕಳಿಸಿದೆ, ಸಡಿಲವಾಗಿದ್ದ ಬೋಲ್ಟುಗಳನ್ನು ಬಿಗಿ ಮಾಡಿದೆ. ಶಾಲೆಯವರಿಗೆ ಫೋನು ಮಾಡಿ ಆರ್ಡರು ಒಪ್ಪಿಕೊಂಡೆ.

"ಆ ಹಳೇ ಮಶೀನಲ್ಲಿ ಆಗುತ್ತಾ?" ಎಂದು ಕೇಳಿದರು.

ಆಗದೆ ಏನು? ಅದೇ ಮಶೀನಿನಲ್ಲಿ ನೂರಾ ಹತ್ತೊಂಬತ್ತು ಕಾರ್ಡುಗಳನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕತ್ತರಿಸಿದವರ ಮಗಳು ನಾನು.