ಏಣಿ ತೆಗೆದ ಮಧ್ಯಾಹ್ನ

ಆ ಸಿನಿಮಾದ ನಾಯಕನ ಮುಖ ನನಗೆ ಈಗಲೂ ಸರಿಯಾಗಿ ನೆನಪಾಗುವುದಿಲ್ಲ. ಅವನು ಸಿಗರೇಟು ಹಚ್ಚುತ್ತಾನೆ, ಹ್ಯಾಟು ಓರೆ ಮಾಡಿಕೊಳ್ಳುತ್ತಾನೆ, ಅಷ್ಟೆ. ಕೆಲಸ ಮಾಡುವವರೆಲ್ಲ ಸಣ್ಣ ಪಾತ್ರದವರು. ಬೆಟ್ಟದ ಮೇಲಿನ ಊರೊಂದರ ರೈಲ್ವೆ ಗೋದಾಮನ್ನು ದೋಚುವ ಕಥೆ. ಕಪ್ಪು-ಬಿಳುಪಿನ ಹಳೆಯ ಇಂಗ್ಲಿಷ್ ಚಿತ್ರ. ಅದರಲ್ಲಿ ತಿಜೋರಿ ಒಡೆಯುವವನು ಒಬ್ಬ ದಪ್ಪ ಮುದುಕ. ಹೆದರಿಕೆಯಾದಾಗ ಅವನು ಕಣ್ಣರಳಿಸುವುದಿಲ್ಲ, ಬೆವರು ಒರೆಸಿಕೊಳ್ಳುವುದಿಲ್ಲ, ಇದ್ದಕ್ಕಿದ್ದಂತೆ ಮರ್ಯಾದಸ್ಥನಾಗಿಬಿಡುತ್ತಾನೆ. ಅಲ್ಲಿಯವರೆಗೆ ಬೈಯುತ್ತಿದ್ದ ಜೊತೆಗಾರನಿಗೆ, ‘ದಯವಿಟ್ಟು ದೀಪ ಸ್ವಲ್ಪ ಈ ಕಡೆ ಹಿಡಿಯುತ್ತೀರಾ’ ಎನ್ನುತ್ತಾನೆ. ನನ್ನ ಬೆನ್ನು ತಣ್ಣಗಾದದ್ದು ಅಲ್ಲಿ.

ಇನ್ನೊಬ್ಬಳು ಬಟ್ಟೆ ಒಗೆಯುವವಳು. ಕಾವಲುಗಾರನ ಹತ್ತಿರ ಬಂದು ನೀರು ಕೇಳುತ್ತಾಳೆ. ಕೂತು ಅವನ ಮಂಡಿನೋವು ವಿಚಾರಿಸುತ್ತಾಳೆ. ಅವಳ ದನಿಯಲ್ಲಿರುವ ಅಕ್ಕರೆ ಸುಳ್ಳೆಂದು ಯಾರೂ ಹೇಳಲಾರರು. ಅಷ್ಟರಲ್ಲಿ ಹಿಂದಿನ ಛಾವಣಿಯ ಮೇಲೆ ನೆರಳುಗಳು ಸರಿಯುತ್ತವೆ. ಕಾವಲು ನಾಯಿಯನ್ನು ಮೊದಲೇ ಬೇರೆ ಕಡೆ ಕಟ್ಟಿ ಬಂದವಳು ಮತ್ತೊಬ್ಬಳು, ಕಾವಲುಗಾರನ ಸ್ವಂತ ತಂಗಿ. ಒಳಗಿನವರೊಬ್ಬರು ಕೈಜೋಡಿಸದೆ ಕಳ್ಳತನ ಆಗುವುದೇ ಇಲ್ಲ ಎಂದು ಆ ಚಿತ್ರ ಹೇಳುತ್ತದೆ. ಈ ನಟರ ಹೆಸರು ಓಡಿಹೋಗುವ ಮುನ್ನ ಮೊಬೈಲು ನಿಲ್ಲಿಸಿ ನಿಲ್ಲಿಸಿ ಡೈರಿಯಲ್ಲಿ ಬರೆದುಕೊಂಡಿದ್ದೆ. ಬಿ.ಎ. ಮುಗಿಸಿ ಮನೆಯಲ್ಲಿ ಕೂತವಳಿಗೆ ಬೇರೆ ಯಾರ ಜೊತೆ ಇಷ್ಟು ಸಲಿಗೆಯಿರುತ್ತದೆ?

ಬುಧವಾರ ಊಟವಾದ ಮೇಲೆ ಅದನ್ನೇ ಮತ್ತೆ ಹಚ್ಚಿಕೊಂಡು ಕೂತಿದ್ದೆ. ಅವ್ವ ಹೊರಡುವವಳಿದ್ದಳು.

“ನೊಣವಿನಕೆರೆ ಮಠಕ್ಕೆ ಹೋಗ್ಬತ್ತೀನಿ ಕಣೇ ಜೀವಿತಾ. ಕೊಬ್ಬರಿ ನೋಡೋರು ಯಾರಾದ್ರೂ ಬಂದ್ರೆ ತೋರ್ಸು. ಆ ನೈಟಿ ಬುಡು, ಚೂಡಿದಾರ ಹಾಕ್ಕ.”

“ಒಬ್ಳೇ ಇರ್ಲಾ?”

“ಹುಲಿ ಬತ್ತದಾ? ಪುಟ್ಟಗಂಗಕ್ಕ ಪಕ್ಕದಲ್ಲೇ ಇಲ್ವಾ. ಒಂದು ಕೂಗು ಹಾಕು.”

ನನಗೆ ಕೂಗಲು ಬರುವುದಿಲ್ಲ ಎಂಬುದು ಅವ್ವನಿಗೆ ಚೆನ್ನಾಗಿ ಗೊತ್ತು. ಹೋದ ವರ್ಷ ಹೆಣ್ಣು ನೋಡಲು ಬಂದವರು ಹೆಸರು ಕೇಳಿದಾಗ ನನ್ನ ಗಂಟಲಿಂದ ಗಾಳಿ ಮಾತ್ರ ಹೊರಟಿತ್ತು; ಕಾಫಿ ಲೋಟಗಳು ತಟ್ಟೆಯ ಮೇಲೆ ಗಡಗಡ ಎಂದಿದ್ದವು. ‘ಹುಡುಗಿಗೆ ಮಾತು ಬತ್ತದೇನ್ರೀ?’ ಎಂದು ಅವರು ಅವ್ವನನ್ನು ಕೇಳಿದ್ದರು. ಅವರು ಹೋದ ಮೇಲೆ ನಾನು ಅತ್ತಿದ್ದು ನೋಡಿ ಅವ್ವ ತಲೆ ಸವರಿ, ಇನ್ನು ನಿನ್ನ ಕೇಳದೆ ಯಾರನ್ನೂ ಕರೆಸುವುದಿಲ್ಲ ಎಂದು ಮಾತು ಕೊಟ್ಟಿದ್ದಳು.

ನಡುಮನೆಯ ಮೇಲೆ ನಮ್ಮ ಅಟ್ಟ. ವರ್ಷವೆಲ್ಲ ಅಲ್ಲೇ ಒಣಗಿ ಸಿಪ್ಪೆಯೊಳಗೇ ಕೊಬ್ಬರಿಯಾಗುವ ಕಾಯಿ. ಅಪ್ಪ ಹೋದ ಮೇಲೆ ನಮ್ಮಿಬ್ಬರ ಊಟ, ಬಟ್ಟೆ, ನನ್ನ ಓದು ಎಲ್ಲವೂ ಆ ಏಣಿಯಿಂದಲೇ ಇಳಿದು ಬಂದದ್ದು. ಇತ್ತೀಚೆಗೆ ತುರುವೇಕೆರೆ ರಸ್ತೆಯ ಹಳ್ಳಿಯೊಂದರಲ್ಲಿ, ಕೊಬ್ಬರಿ ನೋಡುವ ನೆಪದಲ್ಲಿ ಬಂದವರು ಅಟ್ಟವನ್ನೂ ಬಾಗಿಲುಗಳನ್ನೂ ನೋಡಿಕೊಂಡು ಹೋಗಿ, ಮನೆಯವರಿಲ್ಲದ ಹೊತ್ತಿನಲ್ಲಿ ಒಂದು ಕಾಯಿ ಬಿಡದೆ ಹೊತ್ತೊಯ್ದಿದ್ದರು. ಆಮೇಲಿಂದ ಹೊರಗೆ ಗಾಡಿ ನಿಂತ ಸದ್ದಾದರೆ ನಾನು ಮೊದಲು ಅಟ್ಟದ ಕಡೆ ನೋಡುತ್ತಿದ್ದೆ.

ಅವ್ವ ಹೋದ ಸ್ವಲ್ಪ ಹೊತ್ತಿಗೇ ಇಬ್ಬರು ಬಂದರು. ಬಿಳಿ ಅಂಗಿಯ ಗಂಡಸು, ಅವನಿಗಿಂತ ಹಿರಿಯ ಹೆಂಗಸು.

“ಕೊಬ್ಬರಿ ಐತಂತಲ್ಲವ್ವ, ನೋಡಾಣಾಂತ ಬಂದ್ವಿ. ಹುಳಿಯಾರು ಕಡೆಯೋರು. ನಾನು ಮಾಯಣ್ಣ, ಇವ್ರು ನಮ್ಮಕ್ಕ ಕೊಲ್ಲಾಪುರಮ್ಮ,” ಎಂದವನೇ ಗಂಡಸು ಏಣಿ ಹತ್ತಿದ.

ಹೆಂಗಸು ಕಂಬಕ್ಕೊರಗಿ ಕೂತಳು. “ಒಂಚೂರು ನೀರು ಕೊಡು ಮಗಾ. ಯಾಕೆ ಹಿಂಗೆ ಸೊರಗಿದ್ದೀಯ? ಉಣ್ಣಲ್ವಾ?”

ಆ ದನಿಯಲ್ಲಿದ್ದ ಅಕ್ಕರೆ! ಚೊಂಬು ಹಿಡಿದ ನನ್ನ ಕೈ ನಿಂತುಹೋಯಿತು.

ತಿರುಗಿ ನೋಡಿದೆ. ಮೂಲೆಯಲ್ಲಿ ನಮ್ಮ ನಾಯಿ ಕರಿಯ ಇರಲಿಲ್ಲ. ಅಪರಿಚಿತರು ಬಂದರೆ ಊರು ಒಂದು ಮಾಡುವ ಅದು ಪುಟ್ಟಗಂಗಕ್ಕನ ಹಿತ್ತಲಿನಿಂದ ಬೊಗಳುತ್ತಿತ್ತು. ಅಲ್ಲಿ ಕಟ್ಟಿದವರು ಯಾರು? ಬಾಗಿಲಾಚೆ ಹುಣಸೆಮರದ ಕೆಳಗೆ ಒಂದು ಕಾರು ನಿಂತಿತ್ತು. ಒಳಗಿದ್ದವನು ಇಳಿಯಲಿಲ್ಲ, ಇಂಜಿನ್ನೂ ಆರಿಸಿರಲಿಲ್ಲ.

ಮೇಲೆ ಮಾಯಣ್ಣ ಕಾಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಕಾಯಿ ನೋಡುವವನ ಗಮನವೆಲ್ಲ ಕಿವಿಯಲ್ಲಿರುತ್ತದೆ. ಇವನ ಕಣ್ಣು ಕೆಳಗೆ, ಅವ್ವನ ಕೋಣೆಯ ಮೇಲೆ, ಬೀರುವಿನ ಮೇಲೆ, ಹಿತ್ತಲ ಬಾಗಿಲ ಮೇಲೆ ಓಡಾಡುತ್ತಿತ್ತು. ಆಮೇಲೆ ಮೊಬೈಲು ತೆಗೆದು ನಡುಮನೆಯ ಫೋಟೊ ಹಿಡಿದ. ಅಕ್ಕನ ಮುಂದೆ ತಮ್ಮ ನಟನೆಯಲ್ಲಿ ತೀರಾ ಕಳಪೆ ಎಂಬ ಹಾಳು ಯೋಚನೆ, ಅಷ್ಟು ಹೆದರಿಕೆಯ ನಡುವೆಯೂ, ನನಗೆ ಬಂತು.

“ಅವ್ವ ಬರಾದು ತಡ ಆಗ್ತದಾ? ಮನೇಲಿ ಗಂಡಸ್ರು ಯಾರೂ ಇಲ್ವಾ? ನೀನೇ ಎಲ್ಲ ನೋಡ್ಕಂತೀಯ?” ಹೆಂಗಸು ಕೇಳುತ್ತಲೇ ಇದ್ದಳು.

ಪುಟ್ಟಗಂಗಕ್ಕನನ್ನು ಕೂಗಬೇಕು. ಬಾಯಿ ತೆರೆದೆ. ಬರೀ ಗಾಳಿ. ಇವತ್ತು ನೋಡಿಕೊಂಡು ಹೋಗಿ ನಾಳೆ ಬರುತ್ತಾರೋ, ಇವತ್ತೇ ನನ್ನ ಕಟ್ಟಿಹಾಕಿ ತುಂಬಿಕೊಳ್ಳುತ್ತಾರೋ. ಕೂಗಲು ಬಾರದವಳಿಗೆ ಕೈಯಾದರೂ ಇತ್ತಲ್ಲ. ಚೊಂಬು ಕೆಳಗಿಟ್ಟೆ. ಏಣಿಯ ಬುಡ ಹಿಡಿದು ಎಳೆದೆ. ಅದು ಅಟ್ಟದ ಅಂಚಿಗೆ ಒಂದು ಸಲ ಕಚ್ಚಿಕೊಂಡು, ಆಮೇಲೆ ದಡ್ಡನೆ ನನ್ನ ಭುಜಕ್ಕೆ ಬಿತ್ತು.

“ಏಯ್! ಏನಮ್ಮೀ, ಏನ್ ಮಾಡ್ತಿದ್ದೀಯ?” ಮಾಯಣ್ಣ ಅಂಚಿಗೆ ಬಂದ. ಕಾಯಿಗಳು ಉರುಳಿ ಹಲಗೆಯ ಮೇಲೆ ಗುಡುಗಿದವು.

“ಅಯ್ಯಯ್ಯೋ, ಮಂಜಮ್ಮಾ!” ಹೆಂಗಸು ಕೂಗಿದಳು.

ನನ್ನ ಅವ್ವನ ಹೆಸರು ಇವಳಿಗೆ ಹೇಗೆ ಗೊತ್ತು?

ಪಕ್ಕದ ಮನೆಯಿಂದ ಅವ್ವ ಓಡಿಬಂದಳು. ಕೈಯಲ್ಲಿ ಬ್ಯಾಗಿಲ್ಲ, ಹಣೆಯಲ್ಲಿ ಮಠದ ವಿಭೂತಿಯಿಲ್ಲ, ಬೆರಳಲ್ಲಿ ಪುಟ್ಟಗಂಗಕ್ಕನ ಮನೆಯ ಹುಣಸೆಹಣ್ಣು ಅಂಟಿತ್ತು.

“ಅವ್ವಾ, ಕಳ್ಳರು!”

ಅಷ್ಟು ದೊಡ್ಡ ದನಿ ನನ್ನದೆಂದು ನನಗೇ ತಿಳಿಯಲಿಲ್ಲ. ಆದರೆ ಅವ್ವ ಅಟ್ಟದ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಚಿತ್ರದ ಕೊನೆಗೆ ಆ ತಂಗಿಯೂ ಹಾಗೆಯೇ ಅಣ್ಣನನ್ನು ನೋಡುತ್ತಾಳೆ.

“ಜೀವಿತಾ, ಏಣಿ ಕೊಡಮ್ಮ,” ಎಂದಳು. ದಿನವೂ ‘ಕಣೇ’ ಎನ್ನುವವಳು.

ಗೊತ್ತಾಯಿತು. ಏಣಿಯನ್ನೇ ಊರಿಕೊಂಡು ನಿಂತೆ. ಕಳ್ಳರಾಗಿದ್ದರೆ ಕಾಯಿ ಹೋಗುತ್ತಿತ್ತು. ಇವರು ನನ್ನನ್ನು ನೋಡಿಕೊಂಡು ಹೋಗಲು ಬಂದವರು. ನಾಯಿ ಕಟ್ಟಿದವಳು ಅವ್ವ.

“ತಟ್ಟೆ ಹಿಡ್ಕಂಡ್ ಬಂದ್ರೆ ನಡುಗ್ತೀಯ. ನಿನ್ ಪಾಡಿಗೆ ನೀನಿರುವಾಗ ನೋಡ್ಲಿ ಅಂತ...” ಎಂದಳು ಅವ್ವ.

“ಮಾತು ಕೊಟ್ಟಿದ್ದೆ ನೀನು,” ಎಂದೆ.

ಅವ್ವ ಸೆರಗಿಗೆ ಬೆರಳು ಒರೆಸಿಕೊಂಡಳು.

ಮೇಲಿಂದ ಮಾಯಣ್ಣ ನಗಲು ನೋಡಿದ. “ಹೋಗ್ಲಿ ಬುಡ್ರೀ ಮಂಜಮ್ಮೋರೇ. ಹುಡುಗಿ ಗಟ್ಟಿಗಿತ್ತಿ! ನಮ್ ಹುಡುಗ ಭೀಮರಾಜು ಕಾರಲ್ಲೇ ಅವ್ನೆ, ಅವ್ನಿಗೂ ಫೋಟೊ ಕಳ್ಸಿದೀನಿ. ನಮ್ಗೆ ಒಪ್ಗೆ. ಇವತ್ತೇ ಎಲೆ ಅಡ್ಕೆ ಹಿಡಿಯಾನ.”

ಕಳ್ಳರೆಂದುಕೊಂಡಾಗಲೂ ನನಗೆ ಇಷ್ಟು ಭಯವಾಗಿರಲಿಲ್ಲ. ಹೊರಗೆ ಕಾರಿನ ಇಂಜಿನ್ನು ಗುರುಗುಟ್ಟುತ್ತಲೇ ಇತ್ತು. ಈಗಲೂ ನನ್ನ ಗಂಟಲಿಂದ ಬರೀ ಗಾಳಿ ಹೊರಟರೆ ಅದನ್ನು ಹೂಂ ಎಂದೇ ತಿಳಿಯುತ್ತಾರೆ.

“ನನ್ನ ಕೇಳ್ಳಿಲ್ಲ ಯಾರೂ,” ಎಂದೆ. ದನಿ ಒಡೆದಿತ್ತು. ಆದರೂ ಕೇಳಿಸಿತು.

“ಏಣಿ ಇಡಮ್ಮೀ ಮೊದ್ಲು, ಆಮ್ಯಾಕೆ ಮಾತಾಡಾನ,” ಎಂದ ಮಾಯಣ್ಣ.

ನಾನು ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಕೊಲ್ಲಾಪುರಮ್ಮ ನನ್ನ ಕೈಯನ್ನೇ ನೋಡಿದಳು, ಆಮೇಲೆ ಮೇಲೆ ನೋಡಿದಳು. “ಕೇಳ್ಲಾ ಮಾಯಣ್ಣ. ಕೇಳಗಂಟ ಅಲ್ಲೇ ಕಾಯಿ ಎಣಿಸ್ಕಂಡ್ ಕುಂತಿರು.”

ಮಾಯಣ್ಣ ಅಟ್ಟದ ಅಂಚಿನಿಂದ ನೆಲಕ್ಕಿರುವ ದೂರ ನೋಡಿದ. ಮತ್ತೆ ಮಾತಾಡಿದಾಗ ದನಿಯೇ ಬೇರೆಯಾಗಿತ್ತು.

“ತಾಯಿ, ತಪ್ಪು ತಿಳ್ಕಬ್ಯಾಡಿ. ನಮ್ ಹುಡುಗ ನಿಮ್ಗೆ ಒಪ್ಗೆನಾ, ಏನು? ದಯಮಾಡಿ ಹೇಳಿ.”

ಸಿನಿಮಾದ ಆ ದಪ್ಪ ಮುದುಕನ ದನಿ.

“ಇಲ್ಲ,” ಎಂದೆ.

ಅವ್ವ ಕಣ್ಣು ಮುಚ್ಚಿಕೊಂಡಳು. ನಾನು ಏಣಿಯನ್ನು ಅಟ್ಟಕ್ಕೆ ಆನಿಸಿದೆ.

“ಬುಡ ಗಟ್ಟಿಯಾಗಿ ಹಿಡ್ಕಳಿ ತಾಯಿ, ಜಾರ್ತದೆ,” ಎನ್ನುತ್ತ ಮಾಯಣ್ಣ ಹಿಂದುಮುಂದಾಗಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಎರಡೂ ಕೈಯಿಂದ ಹಿಡಿದುಕೊಂಡೆ. ಏಣಿ ಕೊನೆಯವರೆಗೂ ನಡುಗುತ್ತಲೇ ಇತ್ತು. ಅದು ಅವನ ಕಾಲಿನದೋ ನನ್ನ ಕೈಯದೋ ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗದಿರಲಿ ಎಂದುಕೊಂಡೆ.