ಓನರ್ ಮನೆಯ ಕುರ್ಚಿ

"ಸತ್ತೋನ ಜೊತೆ ನಮ್ಮ ಕುರ್ಚೀನೂ ಹೂತುಬಿಟ್ರೇನಮ್ಮಾ?"

ಓನರ್ ಅಂಗಳದಿಂದಲೇ ಕೂಗಿದ. ಮೂರು ಮಹಡಿ ಹತ್ತಿ ಬಂದು ಕೇಳುವ ಕಷ್ಟ ಅವನಿಗೇಕೆ? ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಗಂಡನಿಲ್ಲದ ಮೊದಲ ಮಾಮೂಲಿ ಬೆಳಗು ಹೀಗೆ ಶುರುವಾಯಿತು.

ನನ್ನ ಗಂಡ ಹಮಾಲಿ. ಮನೆ ಬದಲಾಯಿಸುವವರ ಬೀರು, ಮಂಚ ಹೊರುತ್ತಿದ್ದ. ಯಾರದೋ ಫ್ರಿಜ್ಜು ಹೊತ್ತು ಮೆಟ್ಟಿಲು ಹತ್ತುವಾಗ ಎದೆಬಡಿತ ನಿಂತಿತು. ಆ ಮನೆಯವರು ಮೊದಲು ನೋಡಿದ್ದು ಫ್ರಿಜ್ಜು ನೆಗ್ಗಿದೆಯೇ ಎಂದು. ಎಂ.ಎ. ಓದಿ ಹಮಾಲಿಯನ್ನು ಕಟ್ಟಿಕೊಂಡಳೆಂದು ನಕ್ಕವರು ಈಗ ಅಳಲು ಬಂದು, ಟೀ ಕುಡಿದು ಹೋದರು.

ನಮ್ಮದು ತಾರಸಿಯ ಮೇಲಿನ ಒಂದೇ ಕೋಣೆ. ನಮಗೆ ಎಟುಕಿದ ಬಾಡಿಗೆ ಅದೊಂದೇ. ಕಕ್ಕಸು ಕೆಳಗೆ, ಅಂಗಳದ ಮೂಲೆಯಲ್ಲಿ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯಲಾಗುವುದಿಲ್ಲ. ಗಂಡ ಓನರ್ ಮನೆಯಿಂದ ಕಬ್ಬಿಣದ ಕುರ್ಚಿ ಕೇಳಿ ತಂದು, ಬೀರು ಹೊರುವ ಹಗ್ಗದಿಂದ ಬೆನ್ನಿಗೆ ಕಟ್ಟಿಕೊಂಡು, ದಿನವೂ ಅವ್ವನನ್ನು ಇಳಿಸಿ ಹತ್ತಿಸುತ್ತಿದ್ದ. ಅವನು ಸತ್ತ ಮೇಲೆ ಅತ್ತೆ ಗಂಟಲು ಒದ್ದೆ ಮಾಡಿಕೊಳ್ಳುವಷ್ಟು ಬಿಟ್ಟರೆ ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಕೆಳಗೆ ಹೋಗಬೇಕಲ್ಲ. ಅದಕ್ಕೆಂದು ನಾನಿಟ್ಟ ಬಕೆಟ್ಟು ಕಂಡರೆ ಮುಖ ತಿರುಗಿಸುತ್ತಿದ್ದರು.

ಇಳಿದು ಹೋಗಿ ಓನರನ್ನು ಕೇಳಿದೆ. "ಕೆಳಗಿನ ರೂಮು ಸುಮ್ನೆ ಇದೆಯಲ್ಲ, ಇದೇ ಬಾಡಿಗೆಗೆ ಕೊಡಿ. ಅತ್ತೆಗೆ ಹತ್ತೋಕಾಗಲ್ಲ."

"ಅದರಲ್ಲಿ ನಮ್ಮ ಹಳೇ ಟೈರಿವೆ. ಕೆಳಗಿನದಕ್ಕೆ ಎರಡರಷ್ಟು ಬಾಡಿಗೆ. ಅಷ್ಟು ದುಡ್ಡು ಕೊಟ್ರೂ ಮುದುಕ್ರಿಗೆ ಕೊಡಲ್ಲ. ಒಳಗೇ ಸತ್ರೆ ಆಮೇಲೆ ಯಾವನು ಬರ್ತಾನೆ?" ಹಲ್ಲು ಕಿರಿದ. "ಮೇಲೇ ಇರ್ಲಿ ಬಿಡಮ್ಮ. ಅಲ್ಲಿಂದ ಮೇಲಕ್ಕೆ ಹತ್ರ. ಕುರ್ಚಿ ಮಾತ್ರ ಈಗ್ಲೇ ಇಳಿಸು, ಮನೆಗೆ ಜನ ಬರ್ತಿದಾರೆ."

ಅವನ ಮಾತನ್ನು ಅತ್ತೆಗೆ ಹಾಗೆಯೇ ಒಪ್ಪಿಸಿದೆ.

"ಹಲ್ಕಾ ನನ್ಮಗ. ಟೈರಿಗಿರೋ ಯೋಗ ನನಗಿಲ್ವಲ್ಲೇ!" ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಕಂಡೋರ ಸಾಮಾನು ನಮಗ್ಯಾಕೆ? ಕೊಟ್ಬಿಡು." ಗೋಡೆ ಹಿಡಿದುಕೊಂಡು ಬಂದು ಆ ಕುರ್ಚಿಯಲ್ಲೇ ಕೂತರು. "ಗೂಳೀನ ಕರಿ."

ಗೂಳಿ ನನ್ನ ಗಂಡನ ಜೊತೆ ಹೊರುತ್ತಿದ್ದವನು. ಬಂದವನೇ ಹಗ್ಗ ಬಿಗಿದುಕೊಂಡ.

"ಅತ್ಗೆ, ಮೇಲಿಂದ ಹಿಡ್ಕೊಳ್ಳಿ. ಅವ್ವಾ, ಅಲ್ಲಾಡ್ಬೇಡ."

"ನಾನೇನು ಫ್ರಿಜ್ಜೇನೋ?"

"ಫ್ರಿಜ್ಜು ಬೈಯಲ್ಲ ಕಣವ್ವಾ."

ಮೆಟ್ಟಿಲಿಳಿಯುವಾಗ ಅತ್ತೆಯ ಮುಖ ನನ್ನ ಕಡೆಗಿತ್ತು. ಇಬ್ಬರೂ ಅಳಲಿಲ್ಲ.

ಓನರ್ ಮನೆಯ ನಡುಮನೆಯಲ್ಲಿ ಬಂದವರು ಕೂತಿದ್ದರು. ಗೂಳಿ ಸೋಫಾಗಳ ನಡುವೆ ಕುರ್ಚಿ ಇಳಿಸಿದ.

"ನಿಮ್ಮ ಕುರ್ಚಿ," ಎಂದೆ.

"ಏಯ್, ಏನಿದು? ಎತ್ರೋ ಮುದುಕೀನ!"

"ಇಳಿಸು ಅಂದ್ರಿ, ಇಳಿಸಿದೀವಿ," ಎಂದ ಗೂಳಿ. "ಹತ್ಸೋ ಮಾತು ಯಾರೂ ಆಡಿಲ್ಲ."

ಕೈಗೆಟುಕುವಷ್ಟು ಹತ್ತಿರದಲ್ಲೇ ಓನರ್ ಮನೆಯ ಕಕ್ಕಸಿನ ಬಾಗಿಲು. ಅತ್ತೆ ಅದನ್ನು ನೋಡಿದರು. ಆಮೇಲೆ ಓನರನ್ನು.

"ಲೋ, ಕುಡಿಯೋಕೆ ನೀರು ತಾರೋ. ಲೋಟ ಸಾಲ್ದು, ಚೊಂಬಲ್ಲಿ ತಾ."

ನಾನು ಹಗ್ಗ ಬಿಚ್ಚಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡೆ. ಅದು ನಮ್ಮದು.